ಟಿಟ್ವಾಳಾದ ಪಾಲಕ್ ಮಡಿಯಲ್ಲಿ ಕರಿಬೇವಿನ ಹುಳು

ಲಾಕ್‌ಡೌನ್ ಪೂರ್ತಿ ತೆರವಾದ ಮೇಲೆ ಬಂದ ಎರಡನೆಯ ಮಳೆಗಾಲ. ಆಗ ನಾನು ಕಲ್ಯಾಣದಲ್ಲಿ ಬೀಜ, ಗೊಬ್ಬರ, ಕೀಟನಾಶಕ ಮಾರುವ ಒಂದು ಸಣ್ಣ ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಯಾರ ತರಕಾರಿಗೆ ಯಾವ ಹುಳು ಬಿದ್ದಿದೆ ಎಂದು ಹೋಗಿ ನೋಡುವುದು, ಏನು ಮಾಡಬೇಕೆಂದು ಹೇಳುವುದು, ಸಾಧ್ಯವಾದರೆ ನಮ್ಮ ಅಂಗಡಿಯ ಔಷಧಿಯನ್ನೇ ಕೊಳ್ಳುವಂತೆ ಮಾಡುವುದು. ಬದಲಾಪುರ, ಟಿಟ್ವಾಳಾ ಕಡೆಯ ಸೊಪ್ಪಿನ ತೋಟಗಳೆಲ್ಲ ನನ್ನ ಪಾಲಿಗೆ. ನವಿ ಮುಂಬಯಿಯ ಸೊಸೈಟಿಗಳ ಟೆರೇಸ್ ತೋಟಗಳಿಂದಲೂ ಆಗೀಗ ಕರೆ ಬರುತ್ತಿತ್ತು. ಮಗಳ ಶಾಲೆಯ ಸಲುವಾಗಿ ಹೆಂಡತಿ ಹುಬ್ಬಳ್ಳಿಯಲ್ಲಿದ್ದಳು. ನಾನು ಡೊಂಬಿವಲಿಯಲ್ಲಿ ಒಂದು ರೂಮ್ ಹಿಡಿದು ಒಬ್ಬನೇ ಇದ್ದೆ. ದಿನವಿಡೀ ಮರಾಠಿ, ಹಿಂದಿ ಆಡಿ ಸಂಜೆ ಬಾಗಿಲ ಬೀಗ ತೆಗೆದರೆ, ಕನ್ನಡದಲ್ಲಿ ಮಾತಾಡಲು ಫೋನ್ ಒಂದೇ.

ಹಾಗಾಗಿ ಟಿಟ್ವಾಳಾದ ಶಾಂತವ್ವನ ತೋಟಕ್ಕೆ ಹೋಗುವುದೆಂದರೆ ನನಗೆ ಸ್ವಲ್ಪ ಖುಷಿಯೇ. ಶಾಂತವ್ವ ವಿಜಯಪುರದ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಬಂದು, ಗಂಡ ತೀರಿಕೊಂಡ ಮೇಲೆ ಇಟ್ಟಿಗೆ ಹೊರುವುದನ್ನು ಬಿಟ್ಟು, ಸ್ಟೇಷನ್ನಿಂದ ಗಣಪತಿ ದೇವಸ್ಥಾನದ ಕಡೆಗೆ ಹೋಗುವ ಒಳದಾರಿಯ ಪಕ್ಕದಲ್ಲಿ ಒಂದು ತುಂಡು ಜಾಗವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಸೊಪ್ಪು ಬೆಳೆಯುತ್ತಿದ್ದಳು. ಪಾಲಕ್, ಮೆಂತ್ಯ, ಕೆಂಪು ಹರಿವೆ. ಬೆಳಗಿನ ಲೋಕಲ್‌ನಲ್ಲಿ ಕಟ್ಟು ಹೊತ್ತು ಕಲ್ಯಾಣದ ಮಾರ್ಕೆಟ್ಟಿಗೆ ಬಂದು ಮಾರಿ ಹೋಗುತ್ತಿದ್ದಳು.

ಆ ವರ್ಷ ಶ್ರಾವಣ ಹುಟ್ಟುವ ಹೊತ್ತಿಗೆ ಅವಳ ಫೋನ್ ಬಂತು. ಹೋಗಿ ನೋಡಿದರೆ ದಾರಿಯ ಕಡೆಯ ಮೂಲೆಯ ಮಡಿಗಳಲ್ಲಿ ಪಾಲಕ್ಕಿನ ದಂಟು ಮಾತ್ರ ಉಳಿದಿತ್ತು. ಎಲೆಯ ನಡುನರಗಳು ಮೀನಿನ ಮುಳ್ಳಿನ ಹಾಗೆ ನಿಂತಿದ್ದವು.

“ಔಷಧ ಹೊಡದೀನ್ರಿ ಸಾಹೇಬ್ರ. ನೀವು ಕೊಟ್ಟದ್ದ ಹೊಡದೀನಿ. ಹೋಗ್ತಾವು, ಮತ್ತ ಬರ್ತಾವು,” ಎಂದಳು. ಆಮೇಲೆ ದನಿ ತಗ್ಗಿಸಿ, “ಇದು ಬರೇ ಹುಳಾ ಅಲ್ರಿ. ಯಾರೋ ಮಾಡಿಸ್ಯಾರ,” ಎಂದಳು.

ಮಾಡಿಸುವುದು ಎಂದರೆ ಮಾಟ. ಅವಳ ಬಳಿ ಅದಕ್ಕೆ ಸಾಕ್ಷಿಯೂ ಇತ್ತು. ಬದುವಿನ ಮೇಲೆ ಒಂದು ಕೆಸುವಿನ ಎಲೆ, ಅದರ ಪಕ್ಕದಲ್ಲಿ ಬಾಡಿದ ಕೆಂಪು ದಾಸವಾಳದ ಎಸಳುಗಳು, ಎರಡು ಗರಿಕೆ. “ಪ್ರತಿ ಮಂಗಳವಾರ ಹಿಂಗ ಇರ್ತದ್ರಿ. ನಾ ಮಾರ್ಕೆಟ್‌ನಾಗ ಇದ್ದಾಗ ಬಂದು ಇಟ್ಟು ಹೋಗ್ತಾರ. ಬುಧವಾರ ಮುಂಜಾನಿ ಮೂಲ್ಯಾಗಿನ ಸೊಪ್ಪು ಬೋಳು.” ಪಕ್ಕದ ತುಂಡಿನಲ್ಲಿ ಬೆಂಡೆ ಬೆಳೆಯುವ ಹೆಂಗಸಿನ ಮೇಲೆ ಅವಳಿಗೆ ಅನುಮಾನ. ಇಬ್ಬರೂ ಮಧ್ಯಾಹ್ನದ ಬುತ್ತಿಯನ್ನು ಒಟ್ಟಿಗೆ ಬಿಚ್ಚುತ್ತಿದ್ದವರು. ಈಗ ಮಾತು ಬಿಟ್ಟಿದ್ದರು.

ನನಗೆ ಮಾಟಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಅವಳು ಹೇಳಿದ ಇನ್ನೊಂದು ಮಾತು. ಜಾಗದ ಮಾಲೀಕ ಬಂದಿದ್ದನಂತೆ. ಹುಡುಗರು ಆಡಲು ನೆಟ್ ಕಟ್ಟಿದ ಕ್ರಿಕೆಟ್ ಟರ್ಫ್ ಮಾಡಲು ಯಾರೋ ಅವನನ್ನು ಕೇಳಿದ್ದರು. ಇಂಥ ಬೋಳು ಹೊಲ ಇಟ್ಟುಕೊಂಡು ನಿನಗೂ ಏನಿಲ್ಲ ನನಗೂ ಏನಿಲ್ಲ, ಗಣಪತಿ ಹಬ್ಬ ಆದ ಮೇಲೆ ಬಂದು ನೋಡುತ್ತೇನೆ, ಹೀಗೇ ಇದ್ದರೆ ಬಿಟ್ಟುಬಿಡು ಎಂದು ಹೇಳಿ ಹೋಗಿದ್ದ.

“ಬಿಟ್ರ ಮತ್ತ ಇಟ್ಟಿಗಿ ಹೊರಬೇಕ್ರಿ. ಈ ಸೊಂಟದಾಗ ಇನ್ನ ಆಗೂದಿಲ್ಲ,” ಎಂದು ಶಾಂತವ್ವ ಬೇರೆ ಕಡೆ ನೋಡಿದಳು.

ಹುಳುವನ್ನು ಗುರುತಿಸುವುದು ಕಷ್ಟವಿರಲಿಲ್ಲ. ಬೂದು ಮಿಶ್ರಿತ ಹಸಿರು ಮೈ, ಬದಿಯಲ್ಲಿ ಕಪ್ಪು ಚುಕ್ಕೆ. ಸ್ಪೊಡಾಪ್ಟೆರಾ ಎಂಬ ಎಲೆ ತಿನ್ನುವ ಹುಳು. ತರಕಾರಿ ಬೆಳೆಯುವವರಿಗೆಲ್ಲ ಪರಿಚಿತ ಶತ್ರು. ಇದರ ನಡವಳಿಕೆಗೊಂದು ಕ್ರಮವಿದೆ. ಪತಂಗವು ಎಲೆಯ ಅಡಿಯಲ್ಲಿ ಗುಂಪಾಗಿ ಮೊಟ್ಟೆಯಿಟ್ಟು ಕಂದು ಬಣ್ಣದ ನವಿರು ಹೊದಿಸುತ್ತದೆ. ಮರಿಗಳು ಒಂದೇ ಎಲೆಯಲ್ಲಿ ಒಟ್ಟಾಗಿ ಕೂತು ಹಸಿರನ್ನು ಕೆರೆಯುತ್ತವೆ, ಎಲೆ ಜಾಳುಜಾಳಾಗುತ್ತದೆ. ಬೆಳೆದ ಮೇಲೆ ಚದುರುತ್ತವೆ, ಹಗಲು ಮಣ್ಣಿನಲ್ಲಿ ಅಡಗಿ ಕತ್ತಲಲ್ಲಿ ತಿನ್ನುತ್ತವೆ. ಸೊಪ್ಪಿಗೆ ಖಡಕ್ ವಿಷ ಹೊಡೆಯುವಂತಿಲ್ಲ. ಹೊಡೆದ ದಿನದಿಂದ ಕೊಯ್ಯುವ ದಿನದವರೆಗೆ ಬಿಡಬೇಕಾದ ಅಂತರವನ್ನು ನಾವು ವೇಟಿಂಗ್ ಪೀರಿಯಡ್ ಎನ್ನುತ್ತೇವೆ. ದಿನಾ ಕೊಯ್ದು ಮಾರುವವರಿಗೆ ಅದನ್ನು ಪಾಲಿಸಲು ಆಗುವುದಿಲ್ಲ. ಹಾಗಾಗಿ ನಾನು ಅವಳಿಗೆ ಕೊಟ್ಟಿದ್ದು ಬೇವಿನ ಎಣ್ಣೆ ಮತ್ತು ಬಿ.ಟಿ. ಪುಡಿ. ಬಿ.ಟಿ. ಎಂದರೆ ಒಂದು ಬ್ಯಾಕ್ಟೀರಿಯಾ. ಎಲೆಯ ಜೊತೆ ಹೊಟ್ಟೆಗೆ ಹೋದರೆ ಹುಳು ಸಾಯುತ್ತದೆ. ಆದರೆ ಅದು ನಡೆಯುವುದು ಎಳೆಯ ಹುಳುವಿನ ಮೇಲೆ. ಬಲಿತದ್ದರ ಮೇಲೆ ಅಷ್ಟಕ್ಕಷ್ಟೇ.

ಮೂಲೆಯ ಮಡಿಯಲ್ಲಿ ನಾನು ಕುಕ್ಕರಗಾಲಲ್ಲಿ ಕೂತು ಎಲೆಯೆಲೆ ಮಗುಚಿ ನೋಡಿದೆ. ಆ ಮೂಲೆಯಲ್ಲಿ ಮೊಟ್ಟೆಯ ಗುಂಪಿಲ್ಲ, ಜಾಳಾದ ಎಲೆಯಿಲ್ಲ, ಮರಿಯಿಲ್ಲ. ಇದ್ದದ್ದೆಲ್ಲ ಬೆರಳುದ್ದದ ಬಲಿತ ಹುಳು. ಒಳಗಿನ ಮಡಿಗಳಲ್ಲಿ ಮಾತ್ರ ಮೊಟ್ಟೆ ಕಾಣತೊಡಗಿತ್ತು. ಅಂದರೆ ಹುಳುಗಳು ಈ ಮೂಲೆಯಲ್ಲಿ ಹುಟ್ಟಿರಲಿಲ್ಲ. ದೊಡ್ಡವಾಗಿಯೇ ಬಂದಿದ್ದವು.

ಎಲ್ಲಿಂದ ಎಂದು ಯೋಚಿಸುತ್ತಿದ್ದಾಗ ಒಂದು ಪಾಲಕ್ ದಂಟಿನ ಮೇಲೆ ಬೇರೆಯೇ ಒಂದು ಹುಳು ಕಂಡಿತು. ಸತ್ತು ಒಣಗಿತ್ತು, ಚರ್ಮ ಸುಕ್ಕುಗಟ್ಟಿತ್ತು. ಇರುವೆಗಳು ಬಿಟ್ಟುಹೋದ ಅಂಥವೇ ಇನ್ನೂ ಎರಡು ಬದುವಿನ ಹುಲ್ಲಿನಲ್ಲಿ ಸಿಕ್ಕವು. ಒಂದು ಮಾತ್ರ ಜೀವಂತವಾಗಿತ್ತು: ನುಣುಪಾದ ಎಳೆ ಹಸಿರು, ಬೆನ್ನ ಮೇಲೆ ಓರೆ ಪಟ್ಟೆ. ಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಎಳೆ ಕೋಡು ಹೊರಚಾಚಿ ಹುಳಿವಾಸನೆ ಬಿಟ್ಟಿತು. ಇದು ಕರಿಬೇವಿನ ಹುಳು. ನಿಂಬೆ, ಕರಿಬೇವು ಮತ್ತು ಆ ಜಾತಿಯ ಗಿಡಗಳನ್ನು ಬಿಟ್ಟು ಬೇರೆ ಏನನ್ನೂ ತಿನ್ನುವುದಿಲ್ಲ. ಸುತ್ತ ನೋಡಿದೆ. ಕಣ್ಣಿಗೆ ನಿಲುಕುವಷ್ಟು ದೂರ ಕರಿಬೇವಿನ ಗಿಡ ಇರಲಿಲ್ಲ. ಈ ಹುಳು ನಡೆದು ಬಂದದ್ದಲ್ಲ. ಯಾರೋ ಎತ್ತಿ ತಂದದ್ದು.

ಮುಂದಿನ ಮಂಗಳವಾರ ಶಾಂತವ್ವನಿಗೆ ಮಾರ್ಕೆಟ್ಟಿಗೆ ಹೋಗಬೇಡ ಎಂದು ಹೇಳಿ ನಾನೂ ಬೆಳಿಗ್ಗೆಯೇ ಹೋದೆ. ಟಿಟ್ವಾಳಾದಲ್ಲಿ ಮಂಗಳವಾರ ಗಣಪತಿಯ ದಿನ. ಲೋಕಲ್ ಬಂದಾಗಲೊಮ್ಮೆ ಜನ ಇಳಿದು ಸಾಲಾಗಿ ನಡೆಯುತ್ತಾರೆ, ರಿಕ್ಷಾದವರು ಕೂಗುತ್ತಾರೆ. ಒಳದಾರಿ ಹಿಡಿಯುವವರು ಕೆಲವರೇ. ಪಂಪಿನ ಶೆಡ್ಡಿನ ಮರೆಯಲ್ಲಿ ನಾವಿಬ್ಬರೂ ನಿಂತಿದ್ದೆವು. ಶಾಂತವ್ವನ ಕೈಯಲ್ಲಿ ಕುಡುಗೋಲಿತ್ತು. ಕೆಳಗಿಡು ಎಂದೆ. ಇಡಲಿಲ್ಲ.

ಬಂದವರು ಅರವತ್ತೈದು ದಾಟಿದ ಒಬ್ಬ ಗಂಡಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಬದುವಿನ ಹತ್ತಿರ ಬಂದು ಚಪ್ಪಲಿ ಬಿಟ್ಟರು. ಚೀಲದಿಂದ ಸ್ಟೀಲ್ ಡಬ್ಬಿ ತೆಗೆಯುವಾಗ ದೇವರಿಗೆಂದು ತಂದ ದಾಸವಾಳ, ಗರಿಕೆ ಅದರೊಡನೆ ಜಾರಿ ಕೆಳಗೆ ಬಿದ್ದವು. ಹೆಕ್ಕಲು ಸಿಕ್ಕಿದ್ದನ್ನು ಹೆಕ್ಕಿದರು. ಡಬ್ಬಿಯ ಮುಚ್ಚಳದಲ್ಲಿ ಮೊಳೆಯಿಂದ ತೂತು ಹೊಡೆದಿತ್ತು. ಒಳಗಿದ್ದ ಕೆಸುವಿನ ಎಲೆಯನ್ನು ಹಿಡಿದೆತ್ತಿ ಸೊಪ್ಪಿನ ಮೇಲೆ ಮೆಲ್ಲಗೆ ಒದರಿ, ಎಲೆಯನ್ನು ಬದುವಿನ ಮೇಲಿಟ್ಟರು.

“ಹೋಗಿ, ಹೋಗಿ. ಇಲ್ಲಿ ಬೇಕಾದಷ್ಟುಂಟು,” ಎಂದರು. ಕನ್ನಡದಲ್ಲಿ.

ನಾನು ಏನಾದರೂ ಹೇಳುವ ಮೊದಲೇ ಶಾಂತವ್ವ ಹೊರಗೆ ಬಂದಿದ್ದಳು. “ಯಜಮಾನ್ರ, ಏನ್ ಮಾಡಾಕತ್ತೀರಿ ಅಲ್ಲೆ?”

ಅವರು ಎದ್ದು ನಿಂತರು. ಓಡಲಿಲ್ಲ, ಅಡಗಿಸಲೂ ಇಲ್ಲ. “ಹುಳ ಬಿಡೂದು ಅಕ್ಕ,” ಎಂದರು. ಬಸ್ಸಿಗೆ ಕಾಯುತ್ತಿದ್ದೇನೆ ಎಂದಷ್ಟೇ ಸಹಜವಾಗಿ.

“ಯಾರ ಹೊಲದಾಗ?”

ಅವರು ಸುತ್ತ ನೋಡಿದರು. ಬೋಳು ಮಡಿಗಳನ್ನು ಆ ದಿನವೇ ಮೊದಲ ಸಲ ನೋಡಿದರೆಂದು ನನಗನ್ನಿಸಿತು. “ನಿಮ್ಮದಾ? ಇಷ್ಟು ದೊಡ್ಡ ಗದ್ದೆ, ನಾಲ್ಕು ಹುಳ ಯಾವ ಲೆಕ್ಕ ಅಂತ…”

“ನಾಲ್ಕು ಬಂದು ನಾಲ್ಕು ನೂರಾ ಹಡದು ಹೋಗ್ಯಾವ್ರಿ. ಇಲಿ ಹಿಡದು ಮಂದಿ ಗಲ್ಲ್ಯಾಗ ಬಿಟ್ಟಂಗ ಆತಲ್ಲ ಇದು. ನಿಮ್ಮ ಕಡೆ ಇದಕ್ಕ ಪುಣ್ಯಾ ಅಂತಾರೇನು?”

ನಮ್ಮ ಈ ಊರುಗಳಲ್ಲಿ ಅದು ಎಲ್ಲರೂ ಮಾಡುವ ಕೆಲಸ. ಬೋನಿಗೆ ಬಿದ್ದ ಇಲಿಯನ್ನು ಕೊಲ್ಲಲು ಮನಸ್ಸು ಬಾರದೆ ಚೀಲದಲ್ಲಿ ಮುಚ್ಚಿಕೊಂಡು ಹೋಗಿ ರಸ್ತೆ ಕೂಡುವ ನಾಕಾದಾಚೆಯ ಗಲ್ಲಿಯಲ್ಲಿ ಬಿಟ್ಟು ಬರುತ್ತೇವೆ. ಆ ಗಲ್ಲಿಯವರು ತಮ್ಮ ಇಲಿಯನ್ನು ನಮ್ಮಲ್ಲಿ ಬಿಡುತ್ತಾರೆ. ಈ ಯಜಮಾನರು ಮಾಡಿದ್ದೂ ಇದನ್ನೇ. ಸ್ವಲ್ಪ ದೂರಕ್ಕೆ, ಟಿಕೆಟ್ ತೆಗೆದು.

ಹೆಸರು ಸಂಜೀವ. ಉಡುಪಿ ಕಡೆಯವರು. ಠಾಣೆಯ ಒಂದು ಹೋಟೆಲಿನ ಕೌಂಟರ್‌ನಲ್ಲಿ ಆಯುಷ್ಯ ಕಳೆದವರು. ಮನೆ ಕಲ್ಯಾಣ ಪಶ್ಚಿಮದಲ್ಲಿ, ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಪುಟ್ಟ ತೋಟ. ತೋಟ ಹೆಂಡತಿ ಲೀಲಕ್ಕನದು. ಹುಳು ಹೆಕ್ಕುವ ಕೆಲಸವೂ ಲೀಲಕ್ಕನದೇ ಆಗಿತ್ತು. ಹೆಕ್ಕಿ ಸಾಬೂನು ನೀರಿಗೆ ಹಾಕುತ್ತಿದ್ದರು. “ಅವಳು ಹೋಗಿ ಎರಡು ವರ್ಷ ಆಯ್ತು. ಆಮೇಲೆ ಒಂದು ಇರುವೆಯನ್ನಾದ್ರೂ ಕೊಲ್ಲಲಿಕ್ಕೆ ನನಗೆ ಕೈ ಬರೂದಿಲ್ಲ,” ಎಂದರು ಸಂಜೀವಣ್ಣ. “ಹುಳ ಹಾಗೇ ಬಿಟ್ರೆ ಅವಳ ಗಿಡ ಹೋಗ್ತದೆ. ಹಾಗಾಗಿ ವಾರ ಇಡೀ ಹೆಕ್ಕಿ, ಸೊಪ್ಪು ಹಾಕಿ ಇಟ್ಕೊಳ್ಳೂದು. ಮಂಗಳವಾರ ಗಣಪತಿಗೆ ಬರುವಾಗ ತರೂದು.”

“ದಾರಿಯಲ್ಲಿ ತಿನ್ನಲೂ ಎಲೆ ಇಟ್ಟಿದ್ದೀರಿ,” ಎಂದೆ.

“ಹೌದಲ್ಲ ಮಾರಾಯ್ರೆ. ಗಾಡಿ ಲೇಟಾದ್ರೆ?”

ಶಾಂತವ್ವನಿಗೆ ನಗು ಬಂದಂತಾಯಿತು, ತಡೆದುಕೊಂಡಳು. ಮಾಲೀಕನ ಮಾತನ್ನು ನಾನು ಅವರಿಗೆ ತಿಳಿಸಿದೆ. ಹಬ್ಬ ಮುಗಿಯುವುದರೊಳಗೆ ಈ ಹೊಲ ಹಸಿರಾಗದಿದ್ದರೆ ಈಕೆಗೆ ಇದು ಉಳಿಯುವುದಿಲ್ಲ ಎಂದೆ. ಅವರು ಎರಡೂ ಕೈ ಜೋಡಿಸಿದರು. ಆಗಲೇ ಅವರ ಕಣ್ಣು ನನ್ನ ಅಂಗೈ ಮೇಲೆ ಬಿತ್ತು. ಹಿಂದಿನ ವಾರ ಸಿಕ್ಕಿದ್ದ ಸತ್ತ ಹುಳುಗಳನ್ನು ತೋರಿಸಲೆಂದು ಹಿಡಿದಿದ್ದೆ.

“ಇದು ನಮ್ಮ ಕರಿಬೇವಿನದ್ದಲ್ವಾ? ಯಾಕೆ ಹೀಗಾಗಿದೆ? ಔಷಧಿಯಾ?”

ಔಷಧಿ ಎಂದು ಹೇಳಬಹುದಿತ್ತು. ಆದರೆ ಅದು ನಿಜವಲ್ಲ, ಮತ್ತು ನಿಜ ತಿಳಿಯದಿದ್ದರೆ ಅವರು ಮುಂದಿನ ವಾರ ಇನ್ನೊಂದು ಕಡೆ ಬಿಡುತ್ತಿದ್ದರು. “ಅಲ್ಲ,” ಎಂದೆ. “ಇವು ಕರಿಬೇವು, ನಿಂಬೆ ಬಿಟ್ಟು ಬೇರೆ ಏನೂ ತಿನ್ನುವುದಿಲ್ಲ. ಇಲ್ಲಿ ಆ ಗಿಡ ಇಲ್ಲ. ನೀವು ಬಿಟ್ಟವೆಲ್ಲ ಹಸಿದು ಸತ್ತಿವೆ.”

“ಎಲ್ಲವೂ?”

“ಬಹುಶಃ ಎಲ್ಲವೂ.”

ನಾನು ಎಷ್ಟೋ ಬೆಳೆಗಾರರಿಗೆ ಬೆಳೆ ಹೋಯಿತೆಂದು ಹೇಳಿದ್ದೇನೆ. ಬಯ್ಯುತ್ತಾರೆ, ಅಳುತ್ತಾರೆ, ಕಂಪನಿಗೆ ಕಂಪ್ಲೇಂಟ್ ಮಾಡುತ್ತೇನೆಂದು ಹೆದರಿಸುತ್ತಾರೆ. ಸಂಜೀವಣ್ಣ ಇದಾವುದನ್ನೂ ಮಾಡಲಿಲ್ಲ. ಅಂಗಿಯ ಮೇಲಿನ ಗುಂಡಿ ಹಾಕಿತ್ತು, ಅದನ್ನು ಬಿಚ್ಚಿ ಮತ್ತೆ ಹಾಕಿದರು. ಆಮೇಲೆ ಸೊಪ್ಪಿನ ನಡುವೆ ಮಂಡಿಯೂರಿ, ಆಗಷ್ಟೇ ಬಿಟ್ಟಿದ್ದ ಹುಳುಗಳನ್ನು ಒಂದೊಂದಾಗಿ ಹುಡುಕಿ ಡಬ್ಬಿಗೆ ತುಂಬತೊಡಗಿದರು. ನಾನೂ ಶಾಂತವ್ವನೂ ಹುಡುಕಿದೆವು. ಒಂದು ಲೋಕಲ್ ಬಂತು, ಹೋಯಿತು.

ಬೂದು ಹುಳುಗಳ ವಿಷಯದಲ್ಲಿ ಮಾತ್ರ ಶಾಂತವ್ವ ಕೈ ಚಾಚಿದಳು. “ಇವು ನನಗ ಕೊಡ್ರಿ. ಇವನ್ನ ನೀವು ಒಯ್ಯಬ್ಯಾಡ್ರಿ.” ಪಂಪಿನ ಪಕ್ಕದಲ್ಲಿ ಸಾಬೂನು ನೀರಿನ ಬಕೆಟ್ ಇತ್ತು. ಸಂಜೀವಣ್ಣ ಡಬ್ಬಿ ಕೊಟ್ಟು ಹಳಿಗಳ ಕಡೆ ತಿರುಗಿ ನಿಂತರು. ಅವಳು ಬೂದುಬಣ್ಣದವನ್ನು ಆರಿಸಿ ನೀರಿಗೆ ಹಾಕಿದಳು. ಹಸಿರಿನವನ್ನು ಎಲೆಯ ಸಮೇತ ಹಾಗೇ ಉಳಿಸಿ, ಮುಚ್ಚಳ ಹಾಕಿ, ಹಿಂದಿನಿಂದ ಅವರ ಕೈಗೆ ಡಬ್ಬಿ ಇಟ್ಟಳು.

“ಮುಂದಿನ ಮಂಗಳವಾರ ಈ ದಾರ್ಯಾಗ ಬರಬ್ಯಾಡ್ರಿ,” ಎಂದಳು. ಗದರಿಸಿ ಹೇಳಲಿಲ್ಲ. ಆದರೂ ಹೇಳಿದಳು.

“ಇಲ್ಲ ಅಕ್ಕ.”

ಅವರು ಆ ದಿನ ದೇವಸ್ಥಾನಕ್ಕೆ ಹೋಗಲಿಲ್ಲ. ಉಳಿದ ದಾಸವಾಳವನ್ನು ಬದುವಿನ ಮೇಲೆ ಇಡಲು ಬಗ್ಗಿದವರು ಶಾಂತವ್ವನ ಮುಖ ನೋಡಿ ಚೀಲಕ್ಕೇ ಹಾಕಿಕೊಂಡರು. ಕಲ್ಯಾಣದವರೆಗೆ ನಾನು ಅವರ ಜೊತೆ ಬಂದೆ. ಗಾಡಿಯಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ಟಿಟ್ವಾಳಾದಿಂದ ಮಂಗಳವಾರ ಡಬ್ಬಿ ಹಿಡಿದು ಬರುವವರನ್ನು ಕಂಡರೆ ಯಾರಿಗಾದರೂ ಒಂದೇ ಯೋಚನೆ. ಎದುರಿನ ಸೀಟಿನವರು ಅಂಗೈ ಚಾಚಿ ಕೇಳಿದರು: “ಪ್ರಸಾದ್ ಹೈ ಕ್ಯಾ, ಕಾಕಾ?”

“ನಹೀ,” ಎಂದರು ಸಂಜೀವಣ್ಣ. ಮುಚ್ಚಳವನ್ನು ಒತ್ತಿ ಸರಿಮಾಡಿ, “ಘರ್ ಕಾ ಹೈ,” ಎಂದರು. ಮನೆಯದು.

ಅವರ ಗ್ಯಾಲರಿಯನ್ನು ಆ ದಿನವೇ ನೋಡಿದೆ. ಪೇಂಟಿನ ಡಬ್ಬಗಳಲ್ಲಿ ಕೆಸು, ಮೀನಿನ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಹರಿವೆ, ಗ್ರಿಲ್ಲಿಗೆ ಹಬ್ಬಿಸಿದ ಬಸಳೆ, ಮೂಲೆಯಲ್ಲಿ ದೊಡ್ಡ ಡ್ರಮ್ಮಿನಲ್ಲಿ ಎದೆಯೆತ್ತರದ ಕರಿಬೇವು. ಬೂದು ಹುಳುವಿನ ಮೂಲ ಕೆಸು ಮತ್ತು ಹರಿವೆ. ಮೊಟ್ಟೆಯ ಗುಂಪಿರುವ ಎಲೆಯನ್ನು ಮರಿ ಒಡೆಯುವ ಮೊದಲೇ ಚಿವುಟಿ ತೆಗೆಯುವುದನ್ನು ತೋರಿಸಿಕೊಟ್ಟೆ. ಹರಿವೆಯ ಪೆಟ್ಟಿಗೆಗಳಿಗೆ ಹಳೆಯ ಸೊಳ್ಳೆಪರದೆ ಕಟ್ಟಿದರೆ ಪತಂಗ ಒಳಗೆ ಬರುವುದಿಲ್ಲ, ಕೊಲ್ಲುವ ಪ್ರಸಂಗವೇ ಬರುವುದಿಲ್ಲ ಎಂದೆ. ಅದು ಅವರಿಗೆ ಹಿಡಿಸಿತು. ಚಿವುಟಿದ ಎಲೆಗಳನ್ನು ಮಾತ್ರ ನಾನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದೆ. ನಾನು ಹೊರಡುವಾಗ ಅವರು ಹಸಿರು ಹುಳುಗಳನ್ನು ಕರಿಬೇವಿನ ರೆಂಬೆಗೆ ಒಂದೊಂದಾಗಿ ಹತ್ತಿಸುತ್ತಿದ್ದರು.

ಶಾಂತವ್ವನ ಹೊಲದ ಕೆಲಸ ಆಮೇಲೆ ಸಾಮಾನ್ಯ ಕೆಲಸವೇ ಆಯಿತು. ಹೊಸ ಹುಳು ಬರುವುದು ನಿಂತ ಮೇಲೆ ಉಳಿದದ್ದು ಅಲ್ಲಿಯೇ ಹುಟ್ಟಿದ ಮರಿಗಳು. ಅವುಗಳ ಮೇಲೆ ಬಿ.ಟಿ. ನಡೆಯಿತು. ಮಳೆ ಬಿಟ್ಟ ಸಂಜೆಗಳನ್ನು ಕಾದು ಎಲೆಯ ಅಡಿಗೆ ಬೀಳುವ ಹಾಗೆ ಹೊಡೆದಳು. ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಟ್ರ್ಯಾಪ್‌ಗಳನ್ನು ನಾನು ಕಟ್ಟಿಕೊಟ್ಟೆ. ಮಡಿಗಳಲ್ಲಿ ಮೊಟ್ಟೆ ಹುಡುಕುವ ಕೆಲಸಕ್ಕೆ ಬೆಂಡೆಯ ಹೆಂಗಸೂ ಬಂದಳು. ಶಾಂತವ್ವ ಅವಳನ್ನು ಏನೆಂದು ಕರೆದಳೋ ಗೊತ್ತಿಲ್ಲ. ನಾನು ಹೋದಾಗ ಇಬ್ಬರ ಬುತ್ತಿಯೂ ಒಂದೇ ಕಡೆ ಬಿಚ್ಚಿತ್ತು. ವಿಸರ್ಜನೆ ಮುಗಿದು ಮಾಲೀಕ ಬಂದಾಗ ಮೂಲೆಯ ಮಡಿಗಳಲ್ಲಿ ಹರಿವೆ ಕೆಂಪಗೆ ಎದ್ದಿತ್ತು. ಇನ್ನೊಂದು ವರ್ಷ ಇಟ್ಟುಕೋ ಎಂದನಂತೆ.

ಆ ಸುದ್ದಿ ಹೇಳಿ ಶಾಂತವ್ವ ನನ್ನ ಕೈಗೆ ಎರಡು ಕಟ್ಟು ಹರಿವೆ ಕೊಟ್ಟಳು. “ಒಂದು ನಿಮಗ. ಒಂದು ಆ ಯಜಮಾನ್ರಿಗ. ಇದರಾಗ ಹುಳಾ ಇಲ್ಲಂತ ಹೇಳ್ರಿ, ಹುಡುಕಬ್ಯಾಡ ಅನ್ರಿ.”

ಮಾರನೆಯ ಬೆಳಿಗ್ಗೆ ಕಲ್ಯಾಣದಲ್ಲಿ ಇಳಿದು ಅವರ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆಯಲು ಹೊತ್ತಾಯಿತು. ಇನ್ನೊಮ್ಮೆ ಒತ್ತಿದೆ. ಸಂಜೀವಣ್ಣ ಬಂದರು. “ಬನ್ನಿ, ಬನ್ನಿ,” ಎಂದು ಹೇಳಿ, ನಾನು ಚಪ್ಪಲಿ ಬಿಡುವ ಮೊದಲೇ ಅವಸರದಿಂದ ಗ್ಯಾಲರಿಗೆ ಹೋದರು. ನಾನು ಹಿಂದೆಯೇ ಹೋದೆ.

ಕರಿಬೇವಿನ ಗಿಡದಲ್ಲಿ ಎಲೆ ಇರಲಿಲ್ಲ. ಎದೆಯೆತ್ತರದ ಗಿಡ ಪೂರ್ತಿ ಕಡ್ಡಿಗಳಾಗಿತ್ತು. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಕೆಳಗೆ ಕುಡಿದು ಇಟ್ಟ ಚಹಾದ ಲೋಟ. ಕಡ್ಡಿಗಳಲ್ಲಿ ಅಲ್ಲಲ್ಲಿ ಒಣ ಎಲೆ ಮಡಚಿದಂಥ ಕೋಶಗಳು ಅಂಟಿದ್ದವು. ಹುಳು ಚಿಟ್ಟೆಯಾಗುವ ಮೊದಲು ಮಲಗುವ ಗೂಡು. ಹೆಚ್ಚಿನವು ಖಾಲಿ. ಕೊನೆಯದೊಂದನ್ನು ಅವರು ಬಗ್ಗಿ ನೋಡಿದರು. ಅದೂ ಖಾಲಿ. ಒಡೆದ ಅಂಚು ಇನ್ನೂ ಹಸಿಯಾಗಿತ್ತು.

“ಬೆಳಗ್ಗಿಂದ ಕೂತಿದ್ದೆ,” ಎಂದರು. “ಹೊರಗೆ ಬಂದು ರೆಕ್ಕೆ ಒಣಗಿಸ್ತಾ ಇತ್ತು. ಹಾರೂದು ಒಂದು ಸಲವೂ ನೋಡ್ಲಿಕ್ಕೆ ಆಗಿರ್ಲಿಲ್ಲ. ಇದು ಕೊನೇದ್ದು. ನೀವು ಬೆಲ್ ಮಾಡಿದ್ರಿ, ಬಾಗಿಲು ತೆಗೀಲಿಕ್ಕೆ ಬಂದೆ. ಅಷ್ಟರಲ್ಲಿ ಹೋಯ್ತು.”

ನಾನು ಹರಿವೆಯ ಕಟ್ಟು ಚಾಚಿದೆ. ಶಾಂತವ್ವನ ಮಾತು ಹೇಳಿದೆ. ಹೊಲ ಉಳಿಯಿತು ಎಂದೆ. ಅವರು ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. “ಒಳ್ಳೇ ಸೊಪ್ಪು. ಒಬ್ಬನಿಗೆ ಇಷ್ಟು ಎಂತಕ್ಕೆ? ಕೂತ್ಕೊಳ್ಳಿ. ಊಟ ಮಾಡಿಯೇ ಹೋಗಬೇಕು.”

ಕೂತೆ. ಅಡುಗೆಮನೆಯಲ್ಲಿ ಅವರು ತೆಂಗಿನಕಾಯಿ ತುರಿಯುವ ಸದ್ದು, ಆಮೇಲೆ ಸಾಸಿವೆ ಸಿಡಿಯುವ ಸದ್ದು ಕೇಳಿತು. ಅಡುಗೆಮನೆಯ ಕಿಟಕಿಯಿಂದ ಆ ಕಡ್ಡಿಗಳು ಕಾಣುತ್ತಿದ್ದವು. ಕರಿಬೇವು ಗಟ್ಟಿ ಜೀವ, ಮತ್ತೆ ಚಿಗುರುತ್ತದೆ ಎಂದು ಜೋರಾಗಿ ಹೇಳಿದೆ.

ಹುಳು ಬಿದ್ದಿದೆ ಎಂದು ಕರೆ ಬಂದರೆ ಅದನ್ನು ಓಡಿಸುವ ಬಗೆ ಹೇಳುವುದು ನನ್ನ ಉದ್ಯೋಗ. ಓಡಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದನ್ನು ಯಾವ ಟ್ರೇನಿಂಗ್‌ನಲ್ಲೂ ಹೇಳಿಕೊಟ್ಟಿರಲಿಲ್ಲ. ಈಗ ಕೇಳುತ್ತೇನೆ. ಯಾರ ಕೈಯಿಂದ ಬಂತು, ಆ ಕೈಗೆ ಇನ್ನು ಏನು ಉಳಿಯಿತು ಎಂದೂ ನೋಡುತ್ತೇನೆ. ಹುಳುಗಳು ಹಸಿದು ಸತ್ತವೆಂದು ನಾನು ಸಂಜೀವಣ್ಣನಿಗೆ ಹೇಳಿದ ಮಾತು ನಿಜವಾಗಿತ್ತು, ಹೇಳಲೇಬೇಕಾಗಿತ್ತು. ಆದರೂ ಟಿಟ್ವಾಳಾ ಗಾಡಿ ಹೊರಡುವ ಪ್ಲಾಟ್‌ಫಾರ್ಮಿನಲ್ಲಿ ಮಂಗಳವಾರ ನಿಂತರೆ ಇವತ್ತಿಗೂ ನಾನು ಇಸ್ತ್ರಿಯ ಬಿಳಿ ಅಂಗಿಯನ್ನು ಹುಡುಕುತ್ತೇನೆ.

ಸಂಜೀವಣ್ಣ ಎರಡು ತಟ್ಟೆ ತಂದಿಟ್ಟರು. ಅನ್ನದ ಪಕ್ಕದಲ್ಲಿ ಹರಿವೆಯ ಪಲ್ಯ, ಮೇಲೆ ಬಿಳಿ ತೆಂಗಿನತುರಿ.

“ಒಗ್ಗರಣೆಗೆ ಕರಿಬೇವು ಇಲ್ಲ,” ಎಂದರು. “ಅದೊಂದು ಬೇಜಾರು ಮಾಡ್ಕೊಳ್ಬೇಡಿ.”